ಗಟಾರಕ್ಕೆ ಚೆಲ್ಲಿದ ಪುಡಿ

ನನ್ನ ಸೊಸೆ ಭುವನೇಶ್ವರಿ ಹೇಗೆ ಸತ್ತಳೆಂದು ಹುನಗುಂದದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ನಾಟಿ ಔಷಧದ ಪುಡಿ ತಿಂದು ಸತ್ತಳು. ನನ್ನ ಮಗ ಶಂಕರಲಿಂಗನೂ ಹಾಗೇ ಹೇಳುತ್ತಿದ್ದ. ನಿಜ ಗೊತ್ತಿದ್ದವರು ಇಬ್ಬರೇ, ಬಾಗಲಕೋಟೆಯ ಡಾಕ್ಟರಬಾಯಿ ಮತ್ತು ನಾನು. ಮಗನನ್ನು ಉಳಿಸಿಕೊಳ್ಳಬೇಕೆಂದು ನಾನು ತುಟಿ ಹೊಲಿದುಕೊಂಡು ಕೂತಿದ್ದೆ. ಈ ಬಸಲಿಂಗವ್ವ ಬಾಯಿ ಮುಚ್ಚಿಕೊಂಡು ಕೂತಳೆಂದರೆ ನಮ್ಮ ಓಣಿಯ ನಾಯಿಯೂ ನಂಬುವುದಿಲ್ಲ. ಆದರೂ ಕೂತಿದ್ದೆ.

ನಮ್ಮದು ರೊಟ್ಟಿ ಬಡಿಯುವ ಮನೆ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತೇವೆ. ಭುವನೇಶ್ವರಿ ಬಡಿದ ರೊಟ್ಟಿ ಹಾಳೆಯಷ್ಟು ತೆಳ್ಳಗೆ. ನಾನೇನು ಬಾಯ್ತುಂಬ ಹೊಗಳಿದವಳಲ್ಲ. ಅತ್ತೆ ಎಂದಮೇಲೆ ಒಂದಿಷ್ಟು ಗತ್ತು ಬೇಡವೇ? ಮೂವತ್ತು ದಾಟುತ್ತಿದ್ದಂತೆ ಅವಳ ಬೆರಳ ಸಂದುಗಳು ಬಾತುಕೊಳ್ಳತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ದವಾಖಾನೆಯಲ್ಲಿ ಇದು ಸಂಧಿವಾತ, ವರ್ಷಗಟ್ಟಲೆ ಗುಳಿಗೆ ನುಂಗಬೇಕು, ಆಗಾಗ ರಕ್ತ ತಪಾಸಣೆ ಮಾಡಿಸಬೇಕು ಎಂದರು. ಆ ಗುಳಿಗೆಯ ಗುಣ ಕಾಣಲು ತಿಂಗಳುಗಳೇ ಬೇಕಂತೆ. ಅಲ್ಲಿಯವರೆಗೆ ನೋವು ಸುಮ್ಮನೆ ಕಾಯುತ್ತದೆಯೇ? ಒಂದು ದಿನ ಚಹಾದ ಕಪ್ಪು ಕೈಜಾರಿ ಬಿದ್ದಾಗ, “ಅತ್ತಿ, ಈ ಕೈ ಕಡದು ಒಗದಬಿಡ್ರಿ,” ಎಂದು ನನ್ನ ತೊಡೆಯ ಮೇಲೆ ಬಿದ್ದು ಅತ್ತಳು.

ಪುಡಿಯ ದಾರಿ ತೋರಿಸಿದವಳು ಬಾಜು ಮನೆಯ ಲಾಡಬಿ. ಅವಳಿಗೆ ಮೊಣಕಾಲು ನೋವು. ಹೊಳೆಯಾಚೆಯ ಒಂದು ಹಳ್ಳಿಯಲ್ಲಿ ಒಬ್ಬಾತ ಬೇರು-ಸೊಪ್ಪಿನ ಪುಡಿಯನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕೊಡುತ್ತಾನೆ, ತಾನು ಅದರಿಂದಲೇ ಓಡಾಡುತ್ತಿದ್ದೇನೆ ಎಂದಳು. ಸೊಸೆಯೂ ಶುರು ಮಾಡಿದಳು. ವಾರದೊಳಗೆ ಬೆರಳು ಮಡಚಿದವು, ರೊಟ್ಟಿಯ ಸಪ್ಪಳ ಮತ್ತೆ ಮನೆ ತುಂಬಿತು. ದವಾಖಾನೆಯ ಗುಳಿಗೆ ಮೂಲೆ ಸೇರಿತು. ಕೆಲವು ತಿಂಗಳಲ್ಲಿ ಅವಳ ಮುಖ ದುಂಡಗಾಗಿ, ಗಲ್ಲ ಕೆಂಪಗಾಯಿತು. ರೊಟ್ಟಿ ಒಯ್ಯಲು ಬಂದವರು, “ಅತ್ತಿ ಏನ ತುಪ್ಪದಾಗ ಈಜಸಾಕತ್ತಾಳೇನ ನಿನ್ನ?” ಎಂದು ಚಾಷ್ಟಿ ಮಾಡಿದರೆ ನನಗೆ ಒಳಗೊಳಗೇ ಹಿಗ್ಗು. ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದೆ. ಅದು ಮೈ ತುಂಬಿಕೊಂಡದ್ದಲ್ಲ, ಬಾವು ಎಂದು ಯಾರಿಗೆ ಗೊತ್ತು!

ವರ್ಷ ಕಳೆಯುವುದರೊಳಗೆ ಎಲ್ಲಿ ಮುಟ್ಟಿದರೂ ಚರ್ಮ ನೀಲಿಗಟ್ಟುತ್ತಿತ್ತು. ರೊಟ್ಟಿಯ ಹಂಚು ತಾಗಿದ ಸುಟ್ಟಗಾಯ ಮಾಯಲೇ ಇಲ್ಲ. ಅಷ್ಟರಲ್ಲಿ ಶಂಕರಲಿಂಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಎಂಬ ಕಡಕ್ ಔಷಧ ಕದ್ದು ಬೆರೆಸುತ್ತಾರೆ, ಅದು ಮೈಯನ್ನು ಒಳಗಿನಿಂದ ತಿನ್ನುತ್ತದೆ ಎಂದು ಅದರಲ್ಲಿ ಯಾರೋ ಹೇಳುತ್ತಿದ್ದರು. ನೋಡಿದವನೇ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಹೊರಗೆ ಹೋದ.

“ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ,” ಎಂದು ಅವಳು ಹಿಂದೆಯೇ ಓಡಿದಳು. “ನಾಳಿಂದ ರೊಟ್ಟಿ ಹೆಂಗ ಬಡೀಲಿ?”

“ರೊಟ್ಟಿ ಹಾಳಾಗಿ ಹೋಗ್ಲಿ. ನನಗ ನೀ ಬೇಕು,” ಎಂದ ಅವನು. ಒಂದೊಂದೇ ಪೊಟ್ಟಣ ಒಡೆದು ಗಟಾರಕ್ಕೆ ಚೆಲ್ಲಿದ. ಗಂಡನೆಂದರೆ ಹೀಗಿರಬೇಕು ಎಂದುಕೊಂಡೆ ನಾನು.

ಮರುದಿನ ಅವಳಿಗೆ ಸುಸ್ತು. ಅದರ ಮರುದಿನ ವಾಂತಿ, ಹೊಟ್ಟೆನೋವು, ಎದ್ದು ನಿಂತರೆ ತಲೆಸುತ್ತು. “ವಿಷ ಇಳ್ಯಾಕತ್ತೈತಿ ಯವ್ವಾ, ಇಳೀಲಿ ಬಿಡು,” ಎಂದು ಶಂಕರಲಿಂಗ ಹಾಸಿಗೆ ಬಿಟ್ಟು ಕದಲದೆ ಅವಳ ಕಾಲು ಒತ್ತುತ್ತ ಕೂತ. ನಾನೂ ಹೂಂ ಎಂದೆ. ಗಂಜಿ ಕುಡಿಸಿದೆ, ಅದೂ ಹೊರಗೆ ಬಂತು. ಕೊನೆಗೆ ಕರೆದರೆ ಓಗೊಡದಂತಾದಾಗ ಕಾರು ಮಾಡಿಕೊಂಡು ಬಾಗಲಕೋಟೆಗೆ ಓಡಿದೆವು. ಸಂಜೆಯೊಳಗೆ ಎಲ್ಲ ಮುಗಿಯಿತು.

ಶಂಕರಲಿಂಗ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಡಾಕ್ಟರಬಾಯಿ ನನ್ನನ್ನು ಒಳಗೆ ಕರೆದು ಕೂರಿಸಿ ಹೇಳಿದರು. “ಆ ಪುಡಿ ಕೆಟ್ಟದ್ದು, ಖರೆ. ಆದ್ರ ಅದನ್ನ ಭಾಳ ದಿನ ತಿಂದವರಿಗೆ ಮೈಯೊಳಗ ತಯಾರಾಗಬೇಕಾದ ರಸ ನಿಂತುಬಿಡ್ತದ. ಒಮ್ಮಿಗೆ ಬಿಟ್ರ ಮೈ ಕುಸೀತದ. ಡಾಕ್ಟರ್ ನೋಡಿ, ಸರಿಯಾದ ಗುಳಿಗಿ ಕೊಟ್ಟು, ಸಾವಕಾಶ ಇಳಸಬೇಕಿತ್ತು. ನಿಮ್ಮ ಮಗನಿಗೂ ಹೇಳ್ತೇನಿ, ಕರೀರಿ.”

ನಾನು ಅವರ ಎರಡೂ ಕೈ ಹಿಡಿದುಕೊಂಡೆ. “ಬ್ಯಾಡ್ರಿ. ಇದನ್ನ ಕೇಳಿದ್ರ ಅವ ಉಳಿಯೂದಿಲ್ಲ. ನನಗ ಅವನೊಬ್ಬನ ಅದಾನ್ರಿ,” ಎಂದೆ. ಅವರು ಅವನನ್ನು ಕರೆಸಲಿಲ್ಲ.

ಮಣ್ಣು ಮಾಡಿ ಬಂದಮೇಲೆ ಅವನ ಬಾಯಲ್ಲಿ ಒಂದೇ ಜಪ: “ಇನ್ನೊಂದ ತಿಂಗಳ ಮೊದಲ ಒಗದಿದ್ದರ ಉಳೀತಿದ್ಲು ಯವ್ವಾ.” ಆ ಮಾತಿನ ಮೇಲೆಯೇ ಅವನು ಉಂಡ, ಎದ್ದ, ಕೆಲಸಕ್ಕೆ ಹೋದ. ನಾನು ತಲೆಯಾಡಿಸುತ್ತಿದ್ದೆ. ಲಾಡಬಿಯ ಜೊತೆ ಮಾತ್ರ ನಾನು ಮಾತು ಬಿಟ್ಟೆ. ಅವಳ ಮುಖ ಕಂಡರೆ ಮೈ ಉರಿಯುತ್ತಿತ್ತು. ಅವಳು ಇನ್ನೂ ಪುಡಿ ತಿನ್ನುತ್ತಾಳೋ ಬಿಟ್ಟಳೋ ಎಂದು ವಿಚಾರಿಸಲೂ ಇಲ್ಲ.

ಮೊನ್ನೆ ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಶಂಕರಲಿಂಗ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಂಡತಿ ಹೋದ ಮೇಲೆ ಮೊದಲ ಸಲ ಅವನ ಮುಖದಲ್ಲಿ ಗೆಲುವು ಕಂಡಿತು.

“ಯವ್ವಾ, ಲಾಡಬಿ ಚಿಗವ್ವ ಇನ್ನೂ ಕದ್ದು ತಿಂತಿದ್ಲು ನೋಡ. ಮೊನ್ನಿ ಬೈದು ಬಿಡಿಸೇನಿ. ಪೊಟ್ಟಣ ಎಲ್ಲಾ ಕಸಗೊಂಡೇನಿ, ಇಲ್ಲೇ ಕಿಸೇದಾಗ ಅದಾವ.”

“ಈಗ ಹೆಂಗದಾಳ?”

“ಮಲಗ್ಯಾಳ. ವಾಂತಿ ಶುರು ಆಗೇತಿ. ವಿಷ ಇಳ್ಯಾಕತ್ತೈತಿ. ಭುವಿ ಹೋದ್ಲು, ಇಕಿಯನ್ನಾರ ಉಳಿಸಿದೆ. ನಾಳೆಯಿಂದ ಮನಿ ಮನಿಗಿ ಹೋಗಿ ಹೇಳಾಂವ ನಾ, ಯಾರ ತಿಂತಿದ್ರೂ ಬಿಡಸ್ತೇನಿ.”

ಅಯ್ಯೋ ಶಿವನೇ! ಸುಳ್ಳೇಕೆ ಹೇಳಲಿ, ಮೊದಲು ಹೊಳೆದದ್ದು ಬೇರೆಯೇ: ಏನಾದರೂ ನೆಪ ಹೇಳಿ ಲಾಡಬಿಯನ್ನು ದವಾಖಾನೆಗೆ ಸಾಗಿಸಿದರೆ ಇವನಿಗೆ ತಿಳಿಯುವುದೇ ಇಲ್ಲ. ಆದರೆ ನಾಳೆ ಇವನು ಮನೆ ಮನೆಗೆ ಹೊರಟಿದ್ದಾನಲ್ಲ. ಎಷ್ಟು ಮನೆಯ ಬಾಗಿಲಿಗೆ ಅಡ್ಡ ನಿಲ್ಲಲಿ ನಾನು? ಸೊಸೆಯನ್ನು ಕಳೆದುಕೊಂಡೆ. ಮಗನ ಕೈಯಿಂದ ಇನ್ನೊಂದು ಜೀವ ಹೋಗುವುದನ್ನು ನೋಡಿಕೊಂಡು ಅವನನ್ನು ಉಳಿಸಿಕೊಂಡರೆ ಅದೆಂಥ ಉಳಿಸಿಕೊಳ್ಳುವುದು?

“ಲೇ ಶಂಕ್ರಾ,” ಎಂದೆ. “ಅದು ವಿಷ ಇಳಿಯೂದಲ್ಲೋ ಯಪ್ಪಾ.”

ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ಮುಖದ ಗೆಲುವು ಇಂಗಿಹೋದದ್ದನ್ನು ಈ ಕಣ್ಣಿಂದಲೇ ನೋಡಿದೆ.

“ನಾನ?” ಎಂದ ಕೊನೆಗೆ.

“ನಿನಗ ಗೊತ್ತಿರಲಿಲ್ಲ. ಅಕಿ ಮ್ಯಾಲ ಜೀವ ಇತ್ತಂತ ಮಾಡಿದಿ.”

“ನಾನ, ಯವ್ವಾ?”

ಎದೆ ಬಡಿದುಕೊಂಡು ಅಳಬೇಕೆನಿಸಿತು, ಅಳಲು ವೇಳೆ ಎಲ್ಲಿತ್ತು? ಹಿಟ್ಟಿನ ಕೈಯಲ್ಲೇ ಅವನ ರಟ್ಟೆ ಹಿಡಿದು ಎಬ್ಬಿಸಿ ಲಾಡಬಿಯ ಮನೆಗೆ ಎಳೆದುಕೊಂಡು ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಟಿ ಬೆಳ್ಳಗಾಗಿತ್ತು.

“ಬಸಲಿಂಗಕ್ಕಾ, ಮಾತ ಬಿಟ್ಟಾಕಿ ಬಂದೆಲ್ಲಾ,” ಎಂದಳು ಕ್ಷೀಣ ದನಿಯಲ್ಲಿ. “ಎದ್ರ ಕಣ್ಣಿಗಿ ಕತ್ತಲಿ ಬರ್ತೈತಿ.”

“ಬೈಸ್ಕೊಳ್ಳಾಕ ಆಮ್ಯಾಲ ವ್ಯಾಳ್ಯಾ ಭಾಳ ಐತಿ. ಈಗ ಏಳು,” ಎಂದೆ.

ಶಂಕರಲಿಂಗ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಟೋದಲ್ಲಿ ಮಲಗಿಸಿದ. ಊರ ದವಾಖಾನೆಯಲ್ಲಿ ಹರೆಯದ ಡಾಕ್ಟರೊಬ್ಬ ಡ್ಯೂಟಿಯ ಮೇಲಿದ್ದ. ಶಂಕರಲಿಂಗನೇ ಮುಂದೆ ಹೋಗಿ ಕಿಸೆಯಿಂದ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲಿಟ್ಟು, ಯಾವಾಗಿನಿಂದ ತಿನ್ನುತ್ತಿದ್ದಳು, ಎಂದು ಬಿಟ್ಟಳು, ಎಲ್ಲ ಹೇಳಿದ. ಡಾಕ್ಟರ್ ನಾಡಿ ಹಿಡಿದು ನೋಡಿ, ರಕ್ತದೊತ್ತಡ ನೋಡಿ, ಲಗುಬಗೆಯಿಂದ ಸೂಜಿ ಚುಚ್ಚಿದ, ಸಲಾಯಿನ್ ಹಚ್ಚಿಸಿದ.

“ವ್ಯಾಳ್ಯಾಕ್ಕ ತಂದೀರಿ, ಉಳೀತಾರ,” ಎಂದು ಚೀಟಿ ಬರೆಯಲು ಕೂತ. “ಒಮ್ಮಿಗೆ ಬಿಡಿಸಿದವರು ಯಾರ್ರೀ?”

“ನಾನರಿ,” ಎಂದ ಶಂಕರಲಿಂಗ. “ನನ್ನ ಹೇಣ್ತಿಗೂ ನಾನ ಬಿಡಿಸಿದ್ದೆ.”

ಡಾಕ್ಟರ್ ಬರೆಯುತ್ತಲೇ ಇದ್ದ, ತಲೆ ಎತ್ತಲಿಲ್ಲ. “ಹಂಗಾರ ಅವರನ್ನೂ ಕರಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ.”

“ಹೂಂರಿ,” ಎಂದ ನನ್ನ ಮಗ.