ಅಪರ್ಟೇನ್ ಬಾಯಾರು

ವಿಜಯಪುರದ ಗಾಂಧಿ ಚೌಕದ ಇಕ್ಕಟ್ಟಿನ ಓಣಿಗಳಲ್ಲಿ ಆನಂದೀಬಾಯಿ ನಡೆದು ಬರುವುದನ್ನು ಮೊದಲ ಸಲ ನೋಡಿದವರು, ಈಕೆ ಯಾರನ್ನೋ ಹೊಡೆಯಲು ಹೊರಟಿದ್ದಾರೆಂದೇ ತಿಳಿಯುತ್ತಾರೆ. ಹಿಮ್ಮಡಿಯನ್ನು ನೆಲಕ್ಕೆ ಅಪ್ಪಳಿಸುವ ನಡಿಗೆ. ಮುಚ್ಚಿದ ಛತ್ರಿಯನ್ನು ಕೋಲಿನಂತೆ ನಡುವೆ ಹಿಡಿದ ಬಲಗೈ. ರಣಗುಡುವ ಏಪ್ರಿಲ್ ಬಿಸಿಲಲ್ಲೂ ಸೀರೆಯ ಮೇಲೆ ತೊಟ್ಟ, ಮೊಳಕಾಲಿನವರೆಗೆ ಇಳಿದ ಬಿಳಿ ಖಾದಿ ಕೋಟು, ಅದರ ಜೇಬಿನಲ್ಲಿ ಮನೆಯ ಬೀಗದ ಕೈ. ಎಪ್ಪತ್ತು ದಾಟಿದ ಹೆಂಗಸಿಗೆ ಕೋಟೇಕೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಖಿಸೆ ಇಲ್ಲದ ಅರಿವಿ ಹೆಂಗಸರಿಗೆ ಹೊಲಿದಾವ ಗಂಡಸೇ ಇರಬೇಕು. ನನ್ನ ಕಿಲಿಕೈ ನಾ ಯಾರ ಕೈಯಾಗ ಕೊಡ್ಲಿ?”

ಟಿಕೋಟಾದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವರಿಗೆ ವಿದ್ಯಾರ್ಥಿನಿಯರು ಇಟ್ಟ ಹೆಸರು ‘ಅಪರ್ಟೇನ್ ಬಾಯಾರು’; ಆ ಕಡೆ ಬಾಯಾರು ಎಂದರೆ ಶಿಕ್ಷಕಿ. ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದ ತಂದೆಯಿಂದ ಅವರಿಗೆ ಬಳುವಳಿಯಾಗಿ ಬಂದದ್ದು ‘ಅಪರ್ಟೇನ್’ ಎಂಬ ಒಂದು ಕ್ರಿಯಾಪದ. ಸೇರಿದ್ದು, ಸಂಬಂಧಪಟ್ಟದ್ದು ಎಂಬರ್ಥದ ಆ ಶಬ್ದವನ್ನು ಇಂಗ್ಲಿಷರೇ ಅಟ್ಟಕ್ಕೆ ಹಾಕಿ ಎಷ್ಟು ಕಾಲವಾಯಿತೋ. ಆನಂದೀಬಾಯಿ ಮಾತ್ರ ಅದನ್ನು ದಿನವೂ ಇಳಿಸಿ, ಬೆಳಗಿ, ಬಳಸುತ್ತಿದ್ದರು. ಬಸ್ಸಿನ ಸೀಟಿನ ಮೇಲೆ ಚೀಲವಿಟ್ಟು ಕೂತವರಿಗೆ, “ಈ ಜಾಗಾ ಚೀಲಕ್ಕ ಅಪರ್ಟೇನ್ ಆಗೂದಿಲ್ಲ, ಎತ್ರಿ” ಎನ್ನುವರು. ಕಾಯಿಪಲ್ಲೆ ಕೊಂಡಾಗ ಕರಿಬೇವು ಕೊಡಲು ಮರೆತ ತುಕಾರಾಮನಿಗೆ, ಕರಿಬೇವು ಕಾಯಿಪಲ್ಲೆಗೆ ಅಪರ್ಟೇನ್ ಆಗುವ ವಸ್ತುವೆಂದು ನಡುಬೀದಿಯಲ್ಲಿ ಪಾಠ ಹೇಳುವರು. ತುಕಾರಾಮ ಸೋತು, ಮುಂದೆ ತಾನೇ ಎರಡು ಎಸಳು ಚೀಲಕ್ಕೆ ಹಾಕಿ, “ತಗೋರಿ ಬಾಯಾರ, ನಿಮ್ಮ ಅಪರ್ಟೇನ್” ಎನ್ನತೊಡಗಿದ. ಆ ಪೇಟೆಯಲ್ಲಿ ಈಗಲೂ ಕೆಲವರು ಕರಿಬೇವಿಗೆ ಹಾಗೇ ಅನ್ನುತ್ತಾರೆ.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ತರಗತಿಯಲ್ಲೇ ಆಕ್ಷೇಪಿಸಿದರು: “‘ಬಿಲಾಂಗ್’ ಅಂದ್ರ ಸಾಕಲ್ರೀ ಮೇಡಮ್, ಹಳ್ಳಿ ಹುಡಿಗ್ಯಾರಿಗೆ ಇಷ್ಟ ದೊಡ್ಡ ಶಬ್ದ ಯಾಕ?” ಆನಂದೀಬಾಯಿ ಅವರನ್ನು ಕಿಟಕಿಯ ಬಳಿ ಕರೆದೊಯ್ದರು. “ಅಲ್ಲಿ ನೋಡ್ರಿ. ಕೊರಳಾಗ ಹಗ್ಗ ಅದಲ್ಲ, ಆ ಎಮ್ಮಿ ಮಾಲಕಗ ಬಿಲಾಂಗ್ಸ್. ಅದು ನಿಂತದಲ್ಲ ನೆರಳು, ಅದು ಗಿಡಕ್ಕ ಅಪರ್ಟೇನ್ಸ್. ನೆರಳಿಗೆ ಒಂದು ಹಗ್ಗ ಹಾಕಿ ತೋರಸ್ರಿ, ನಾ ನಾಳಿಂದ ನಿಮ್ಮ ಶಬ್ದನೇ ಕಲಸ್ತೀನಿ.” ಹುಡುಗಿಯರು ನಗು ತಡೆಯಲು ಸೆರಗು ಕಚ್ಚಿದರಂತೆ.

ಈ ಸಿಟ್ಟಿನ ಕುಲುಮೆಯ ಪಕ್ಕದಲ್ಲಿ ಇಷ್ಟು ವರ್ಷ ತಣ್ಣಗೆ ಬಾಳಿದವರು ಲಲಿತಾ. ಹೊನವಾಡದ ಒಕ್ಕಲು ಮನೆತನದ ಹೆಣ್ಣು. ಅದೇ ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು. ಕೊರಳಲ್ಲಿ ಸೀಟಿ, ಮುಂಗೈಯಲ್ಲಿ ಗಂಡಸರ ಗಡಿಯಾರ; ಬಳೆ ತೊಟ್ಟವರಲ್ಲ. ಅಣ್ಣ ನೋಡಿದ ಗಂಡನ್ನು ಒಲ್ಲೆನೆಂದ ದಿನ ಅವರಿಗೆ ತವರಿನ ಬಾಗಿಲು ಮುಚ್ಚಿತು. ಒಂದು ಟ್ರಂಕು ಹಿಡಿದು ವಿಜಯಪುರದ ಆನಂದೀಬಾಯಿಯವರ ಮನೆಗೆ ಬಂದವರು ಅಲ್ಲಿಯೇ ಉಳಿದರು. ಇಬ್ಬರೂ ದಿನಾ ಒಂದೇ ಬಸ್ಸಿಗೆ ಟಿಕೋಟಾಕ್ಕೆ ಹೋಗುವುದು, ಒಂದೇ ಬಸ್ಸಿಗೆ ಬರುವುದು. ಇವರಿಗೆ ಅವರು ಏನಾಗಬೇಕೆಂದು ಓಣಿ ಕೆಲವು ಕಾಲ ತಲೆಕೆಡಿಸಿಕೊಂಡು, ಆಮೇಲೆ ದಣಿದು ಸುಮ್ಮನಾಯಿತು. ಆನಂದೀಬಾಯಿ ಹಾಲಿನವನ ಮೇಲೋ ಮುನಸಿಪಾಲಿಟಿಯ ಮೇಲೋ ಹರಿಹಾಯುವಾಗ ಒಳಗಿನಿಂದ ಲಲಿತಾ ಕೂಗುತ್ತಿದ್ದರು: “ಅಷ್ಟ ಬೈದಿದ್ದು ಸಾಕ್ ಬೇ, ಚಾ ಆರಾಕತ್ತೈತಿ.” ಆ ಒಂದು ದನಿಗೆ ಮಾತ್ರ ಆನಂದೀಬಾಯಿ ಬಗ್ಗುತ್ತಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ಅಂಗಳ ಗುಡಿಸುತ್ತಿದ್ದ ಲಲಿತಾ ಕಸಬರಿಗೆಯ ಮೇಲೆಯೇ ಕುಸಿದರು. ಬಲಗೈ ಬಲಗಾಲು ಬಿದ್ದುಹೋಗಿ, ಬಾಯಿ ಸೊಟ್ಟಗಾಗಿ, ಮಾತು ನಿಂತಿತ್ತು. ಲಕ್ವಾ. ಆಟೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಆನಂದೀಬಾಯಿ ಖಾಸಗಿ ಆಸ್ಪತ್ರೆಯೊಂದಕ್ಕೆ ತಂದರು. ಸ್ಟ್ರೆಚರ್ ಒಳಗೆ ಹೋಯಿತು. ಇವರು ಬಾಗಿಲಲ್ಲಿ ನಿಂತರು. ಶಬನಮ ಎಂಬ ನರ್ಸು ಮೆಲ್ಲಗೆ ಕೇಳಿದಳು: “ನೀವ್ ಪೇಶಂಟಿಗೆ ಏನಾಗಬೇಕ್ರಿ? ಅಕ್ಕನ, ತಂಗಿನ, ನಾದಿನಿನ?”

“ಏನೂ ಆಗಬೇಕಾಗಿಲ್ಲ. ಐ ಅಪರ್ಟೇನ್ ಟು ಹರ್.”

“ಹಂಗಂದ್ರ ಯಾರ್ರಿ? ರಕ್ತ ಸಂಬಂಧದವರನ್ನ ಕರೀರಿ ಅಂದಾರ ಡಾಕ್ಟರ್.”

ಜೀವಮಾನವಿಡೀ ಊರಿಗೆ ಅರ್ಥ ಹೇಳಿದ ಹೆಂಗಸು ಅಂದು ಆ ಹುಡುಗಿಯೆದುರು ಅರ್ಥ ಹೇಳಲಾರದೆ ಹೋದರು. ಛತ್ರಿಯಿಂದ ಕೌಂಟರ್ ಬಡಿದರು, ಇಂಗ್ಲಿಷಿನಲ್ಲಿ ಕೂಗಿದರು, ಕನ್ನಡದಲ್ಲಿ ಶಪಿಸಿದರು. ಡಾಕ್ಟರ್ ಹೊರಬಂದು, “ಅಜ್ಜಿ, ಇದು ದವಾಖಾನಿ ಐತಿ, ಸಂತಿ ಅಲ್ಲ” ಎಂದು ಒಳಗೆ ಹೋದರು. ಕಡೆಗೆ ಆನಂದೀಬಾಯಿಯೇ ಹೇಳಿ ಕಳಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹೊನವಾಡದಿಂದ ಲಲಿತಾರ ಅಣ್ಣನ ಮಗ ಭೀಮಾಶಂಕರ ಬಂದ. ಅತ್ತೆಯ ಮುಖವನ್ನು ಮದುವೆಮನೆಗಳಲ್ಲಿ ದೂರದಿಂದ ಕಂಡದ್ದು ಬಿಟ್ಟರೆ ಅರಿಯದ ದ್ರಾಕ್ಷಿ ಬೆಳೆಗಾರ. ಅವನನ್ನು ಏನೂ ಕೇಳದೆ ಒಳಗೆ ಬಿಟ್ಟರು. ಮುಂದಿನ ದಿನಗಳಲ್ಲಿ ಆನಂದೀಬಾಯಿ ಗಾಜಿನ ಈಚೆಗೇ ಉಳಿದರು. ಮನೆಗೆ ಕಳಿಸುವ ದಿನ ಭೀಮಾಶಂಕರ ಅತ್ತೆಯನ್ನು ಜೀಪಿನಲ್ಲಿ ಮಲಗಿಸಿ, “ನಮ್ಮ ಮನೆತನದ ಹೆಣ್ಣು, ಮಂದಿ ಮನ್ಯಾಗ ಬಿದ್ದಿದ್ರ ನಾವ್ ಮಾರಿ ಎಲ್ಲಿ ಇಟ್ಕೋಬೇಕ್ರಿ?” ಎಂದವನೇ ಹೊನವಾಡದ ದಾರಿ ಹಿಡಿದ.

‘ಮಂದಿ.’ ಅಂದರೆ ಆನಂದೀಬಾಯಿ ಪರರು. ಮರುದಿನವೇ ಕೋಟು ತೊಟ್ಟು ಹೊನವಾಡದ ಬಸ್ಸು ಹತ್ತಿದರು.

ಕ್ರೌರ್ಯವನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಕಂಡದ್ದು ಉಪಚಾರ. ಭೀಮಾಶಂಕರನ ಹೆಂಡತಿ ಚಂದ್ರಕಲಾ ರೋಗಿಯನ್ನು ಮಗುವಿನಂತೆ ತೊಳೆದು, ಕಬ್ಬಿಣದ ಮಂಚದಲ್ಲಿ ಬಿಳಿ ದುಪ್ಪಟಿಯ ಮೇಲೆ ಮಲಗಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಗಂಜಿ ಕುಡಿಸುತ್ತಿದ್ದಳು. ಹಣೆಗೆ ಕುಂಕುಮ. ಎರಡೂ ಕೈಗೆ ಮೊಳಕೈವರೆಗೆ ಹಸಿರು ಬಳೆ. ಆನಂದೀಬಾಯಿಯವರ ಕಣ್ಣು ಅಲ್ಲಿ ನಿಂತಿತು. ಲಲಿತಾರ ಎಡಗೈ ಬೆರಳುಗಳು ಎಡೆಬಿಡದೆ ಸತ್ತ ಬಲಗೈಯ ಮೇಲಿನ ಬಳೆಗಳನ್ನು ಕೆಳಗೆ ಜಗ್ಗುತ್ತಿದ್ದವು, ಬಳೆ ಬರುತ್ತಿರಲಿಲ್ಲ.

“ಇದನ್ನ ಯಾರು ತೊಡಿಸಿದ್ರು?” ಎಂದು ಗುಡುಗಿದರು. ಪಡಸಾಲೆಯಿಂದ ಭೀಮಾಶಂಕರ ಎದ್ದು ಬಂದ. “ಬಾಯಾರ, ದನಿ ಇಳಸ್ರಿ. ಅಪ್ಪ ಬಾಗಲಾ ಹಾಕಿದ್ದ, ನಾ ತಗದೀನಿ. ಇದ್ರಾಗ ನಂದೇನ್ ತಪ್ಪೈತಿ?”

“ತಗದಿ, ಖರೆ. ಅಕಿನ್ನ ಒಳಗ ತಂದು ಮತ್ತ ಹಾಕ್ಕೊಂಡಿ. ಎಲ್ಲಿರ್ತಿ ಅಂತ ಅಕಿನ್ನ ಕೇಳಿದೇನು?”

“ಮಾತ ಬರೂದಿಲ್ಲ, ಏನ್ ಕೇಳೂದ್ರಿ?”

“ಮಾತು ಹೋಗ್ಯದ. ಕಿವಿ ಹೋಗಿಲ್ಲಲ್ಲೋ!”

ಅಂದುಬಿಟ್ಟ ಮೇಲೆ ಆ ಮಾತು ಆನಂದೀಬಾಯಿಗೇ ತಾಗಿತು. ತಾನೂ ಕೇಳಿರಲಿಲ್ಲ. ಕಸಿದುಕೊಂಡು ಹೋಗಲೆಂದೇ ಬಸ್ಸು ಹತ್ತಿ ಬಂದಿದ್ದರು. ಛತ್ರಿಯನ್ನು ಗೋಡೆಗೆ ಒರಗಿಸಿ, ಹೊರಸಿನ ಬಳಿ ನೆಲಕ್ಕೆ ಕೂತರು. ಆ ದೊಡ್ಡ ಇಂಗ್ಲಿಷ್ ಶಬ್ದ ಅಂದು ಬಾಯಿಗೆ ಬರಲಿಲ್ಲ. “ಲಲಿತಾ, ನೀ ಇಲ್ಲೇ ಇರ್ತೀನಿ ಅಂದ್ರ ನಾ ಹೋಗ್ತೀನಿ. ಬೈಯೂದಿಲ್ಲ, ಖರೇನ ಬೈಯೂದಿಲ್ಲ. ಎಲ್ಲಿರ್ತಿ ಹೇಳು.”

ಲಲಿತಾ ಅವರನ್ನು ನೋಡಿದರು, ಭೀಮಾಶಂಕರನನ್ನು ನೋಡಿದರು. ಆಮೇಲೆ ಎಡಗೈ ಎತ್ತಿ ಹೊರಸಿನ ಕಬ್ಬಿಣದ ಅಂಚಿಗೆ ಬಡಿದರು. ಬಳೆ ಒಡೆಯಿತು. ಮತ್ತೆ ಬಡಿದರು. ಎಡಗೈ ಬರಿದಾದ ಮೇಲೆ ಅದೇ ಕೈಯಿಂದ ಬಲಗೈಯನ್ನು ಕಟ್ಟಿಗೆಯಂತೆ ಎತ್ತಿ ಅಂಚಿನ ಮೇಲಿಟ್ಟು ಕುಟ್ಟತೊಡಗಿದರು. ಮುತ್ತೈದೆಯರ ಮನೆಯಲ್ಲಿ ಬಳೆ ಒಡೆಯುವ ಸದ್ದು ಕೇಳಿ ನೆರೆಯವರು ಬಾಗಿಲಿಗೆ ಬಂದರು. ಹಸಿರು ಚೂರುಗಳ ನಡುವೆ ರಕ್ತ ಹನಿಯಿತು. “ಯವ್ವಾ, ಬಿಡ ಬೇ!” ಎಂದು ಓಡಿಬಂದ ಚಂದ್ರಕಲಾ ಆ ಕೈಯನ್ನು ಹಿಡಿದು, ಉಳಿದ ಬಳೆಗಳನ್ನು ತಾನೇ ಒಂದೊಂದಾಗಿ ಸರಿಸಿ ತೆಗೆದಳು. ಗಂಡನ ಕಡೆ ತಿರುಗದೆಯೇ ಅಂದಳು: “ತೊಡಿಸಿದಾಕಿ ನಾನ. ಕೇಳಿದ್ದಿಲ್ಲ. ಜೀಪ ತಗೀರಿ, ಅತ್ತಿನ್ನ ಅವರ ಮನಿಗಿ ಬಿಟ್ಟ ಬರೂನು.”

ಭೀಮಾಶಂಕರ ಬಾಗಿಲತ್ತ ತಿರುಗಿದ. ಅಲ್ಲಿ ಊರು ನೋಡುತ್ತಿತ್ತು. ಕೊನೆಗೆ ಅತ್ತೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಊರವರ ನಡುವೆಯೇ ದಾಟಿ ಜೀಪಿಗೆ ಒಯ್ದ.

ಈಗ ವಿಜಯಪುರದ ಆ ಅಂಗಳದಲ್ಲಿ ಮುಂಜಾನೆ ಕವಾಯತು ನಡೆಯುತ್ತದೆ. ಆಟವೆಂದರೆ ಅಲರ್ಜಿಯಾಗಿದ್ದ ಆನಂದೀಬಾಯಿ “ಲೆಫ್ಟ್, ರೈಟ್” ಎಂದು ಗದರುತ್ತ ಗೆಳತಿಯನ್ನು ಗೋಡೆ ಹಿಡಿಸಿ ನಡೆಸುತ್ತಾರೆ. ಲಲಿತಾರಿಗೆ ಕೆಲವು ಮಾತು ಮರಳಿವೆ. ಬಹುಪಾಲು ಬೈಗುಳವೇ, ಅವೂ ಆನಂದೀಬಾಯಿಗೇ. ಚಂದ್ರಕಲಾ ಸಂತೆಗೆ ಬಂದಾಗ ಒಣಗಿಸಿದ ಕಟಕ ರೊಟ್ಟಿಯ ಗಂಟು ಇಳಿಸಿ, ಅತ್ತೆಯ ತಲೆ ಬಾಚಿ ಹೋಗುತ್ತಾಳೆ. ಬಾಚುವ ಮೊದಲು ಕೇಳುತ್ತಾಳೆ.

ಮೊನ್ನೆ ಮತ್ತೆ ತಪಾಸಣೆಗೆಂದು ಅದೇ ಆಸ್ಪತ್ರೆಗೆ ಹೋದಾಗ ಭೀಮಾಶಂಕರನೂ ಜತೆಗಿದ್ದ. ಡಾಕ್ಟರ್ ಹೊರಬಂದು ಅವನತ್ತ ತಿರುಗಿ ಔಷಧ ವಿವರಿಸತೊಡಗಿದರೆ ಅವನು ಕೈ ಅಡ್ಡ ಮಾಡಿ ಆನಂದೀಬಾಯಿಯವರನ್ನು ತೋರಿಸಿದ: “ಅವರಿಗೆ ಹೇಳ್ರಿ ಸಾಹೇಬ್ರ. ಅತ್ತಿದೆಲ್ಲ ಅವರ ನೋಡೂದು.” ಡಾಕ್ಟರ್ ತಲೆಯಾಡಿಸಿ ಅವರನ್ನು ಒಳಗೆ ಕರೆದರು. ಅವರು ಹೊರಬಂದ ಮೇಲೆ ಭೀಮಾಶಂಕರ ಸಮಾಧಾನದ ನಗೆ ನಕ್ಕ: “ಈಗರೆ ಸಿಟ್ಟ ಇಳೀತೇನ್ರಿ ಬಾಯಾರ?”

“ಇಲ್ಲ. ನೀ ಹೇಳಿದ ಮ್ಯಾಲೆ ಒಳಗ ಬಿಟ್ರಲ್ಲ, ನನ್ನ ಸಿಟ್ಟಿರೂದೇ ಅದಕ್ಕ” ಎಂದು ಅವರು ಆಟೋ ಕೂಗಿ ಕರೆದರು.

ಇಂಥವರನ್ನು ನಾವು ಸಿಡುಕರೆನ್ನುತ್ತೇವೆ, ಮುಪ್ಪಿನಲ್ಲಾದರೂ ಶಾಂತರಾಗಬಾರದೇ ಎಂದು ಉಪದೇಶಿಸುತ್ತೇವೆ. ಶಾಂತಿ ನಮಗೆ ಸುಲಭ. ನಮ್ಮ ಸಂಬಂಧಗಳಿಗೆ ಹೆಸರಿದೆ. ಮಗನೆಂದೋ ಸೊಸೆಯೆಂದೋ ಅಂದರೆ ಸಾಕು, ಆಸ್ಪತ್ರೆಯಿಂದ ಸ್ಮಶಾನದವರೆಗೆ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಹೆಸರಿಲ್ಲದ ಸಂಬಂಧವನ್ನು ಬಾಳಿದವರು ಪ್ರತಿ ಹೊಸ್ತಿಲಲ್ಲೂ ಜಗಳವಾಡಿಯೇ ಒಳಗೆ ಹೋಗಬೇಕು. ಅವರು ದನಿ ತಗ್ಗಿಸಿದ ದಿನ, ಒಳಗೆ ಮಲಗಿದವರು ಅವರಿಗಾಗಿ ಕಾಯುತ್ತ ಒಬ್ಬರೇ ಉಳಿದುಬಿಡುತ್ತಾರೆ.