ಮೇಟಿ ಸುತ್ತಿದ ಗಾಡಿ

ಜಂಗಲ್ಲು ಕಾಸರಕೋಡಿನ ದಡ ಬಿಟ್ಟು ಶರಾವತಿಯ ನಡುನೀರಿಗೆ ಬಂದಾಗ ಹೊನ್ನಮ್ಮನ ಗಂಟಿನೊಳಗೆ ಬಳೆಗಳು ಮತ್ತೊಮ್ಮೆ ಕಿಣಿಗುಟ್ಟಿದವು. ಅವಳು ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಮಗನ ಕಡೆ ಓರೆಗಣ್ಣಿನಿಂದ ನೋಡಿದಳು. ತಿಮ್ಮಪ್ಪನಿಗೆ ಕೇಳಿಸಿದಂತಿರಲಿಲ್ಲ. ಎರಡು ದೋಣಿಗಳಿಗೆ ಅಡ್ಡ ಹಲಗೆ ಬಿಗಿದು ಮಾಡಿದ ಆ ಜಂಗಲ್ಲಿನ ಮೇಲೆ ತನ್ನ ಮೋಟಾರ್ ಸೈಕಲ್ಲು ಜಾರಿ ಹೊಳೆಪಾಲಾಗದ ಹಾಗೆ ಅವನು ಅದರ ಹ್ಯಾಂಡಲ್ಲನ್ನು, ಹಟ ಹಿಡಿದ ಎಮ್ಮೆಯ ಕೊಂಬು ಹಿಡಿದಂತೆ, ಹಿಡಿದು ನಿಂತಿದ್ದ.

ಭಟ್ಕಳದ ಕಡೆಯಿಂದ ನಾಲ್ಕು ಗಾಡಿ ಹೊರಟಿದ್ದವು. ಹೊನ್ನಾವರದ ದಡದಲ್ಲಿ ಕುಮಟೆಯವರು ಮೂವರು ಕಾಯುತ್ತಿದ್ದರು. ಎಲ್ಲ ಸೇರಿ ಜೋಗಕ್ಕೆ ಹೋಗುವುದು, ಬಂಗಲೆಯ ಎದುರು ಊಟ ಮಾಡುವುದು, ಮರುದಿನ ಇಳಿಯುವುದು. ಲಿಂಗನಮಕ್ಕಿಯಲ್ಲಿ ಆಣೆಕಟ್ಟು ಏಳುತ್ತಿತ್ತು. ಅದು ಮುಗಿದ ಮೇಲೆ ಜೋಗದಲ್ಲಿ ಬರೀ ಬಂಡೆ ನೋಡಬೇಕಾದೀತು ಎಂದು ಪೇಟೆಯಲ್ಲೆಲ್ಲ ಮಾತಿತ್ತು. ಹೊನ್ನಮ್ಮ ಆ ಮಾತನ್ನೇ ಹಿಡಿದುಕೊಂಡಿದ್ದಳು. "ನೀರು ನಿಲ್ಲೂದ್ರೊಳಗೆ ಒಂದ್ಸಲ ಜೋಗ ಕಾಣ್ಬೇಕು ಮಗಾ" ಎಂದು ವಾರವಿಡೀ ಮಗನ ಬೆನ್ನು ಹತ್ತಿದ್ದಳು. ಮುಟ್ಟಳ್ಳಿಯ ಗದ್ದೆ ಬಿಟ್ಟು ಎಲ್ಲಿಗೂ ಹೋಗದ ತಾಯಿ ತನ್ನ ಗಾಡಿಯ ಮೇಲೆ ಕೂರುತ್ತೇನೆ ಅಂದಳಲ್ಲ ಎಂಬ ಹಿಗ್ಗಿನಲ್ಲಿ ತಿಮ್ಮಪ್ಪ ಹೆಚ್ಚು ಯೋಚನೆ ಮಾಡಲಿಲ್ಲ.

ಈ ಮೋಟಾರ್ ಸೈಕಲ್ ಕ್ಲಬ್ಬಿನ ಅಧ್ಯಕ್ಷರು ಜಾಫರ್ ಸಾಹೇಬರು. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟವರು, ದೊಡ್ಡ ದೇಹ, ಅದಕ್ಕೆ ತಕ್ಕ ಗಾಡಿ. ಹೊನ್ನಾವರದ ದಡ ಹತ್ತಿದ ಮೇಲೆ ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಕೇಳ್ರಪ್ಪಾ, ನಮ್ಮ ಕಾನೂನು ಒಂದೇ. ಒಂದು ಗಾಡಿ ನಿಂತರೆ ಎಲ್ಲ ಗಾಡಿ ನಿಲ್ಬೇಕು. ಯಾರನ್ನೂ ದಾರಿ ಮೇಲೆ ಬಿಟ್ಟು ಹೋಗೋ ಹಾಗಿಲ್ಲ. ಹುಲಿ ಬಂದ್ರೂ ಸರಿ."

"ಹುಲಿ ಬರೂದಿಲ್ಲ ಸಾಹೇಬ್ರೆ. ತಿಮ್ಮಪ್ಪನ ಗಾಡಿ ಸದ್ದಿಗೆ ಅದು ಸಿದ್ದಾಪುರ ದಾಟಿರ್ತದೆ" ಎಂದವರು ಕುಮಟೆಯ ಪೈಗಳು. ಮಿಲಿಟರಿಯವರು ಹರಾಜು ಹಾಕಿದ ಹಳೇ ಗಾಡಿ ತಿಮ್ಮಪ್ಪನದು. ಅವನ ಸೈಕಲ್ ಅಂಗಡಿಯಲ್ಲಿ ಅದರ ಅರ್ಧ ಭಾಗ ಸದಾ ಬಿಚ್ಚಿಕೊಂಡೇ ಇರುತ್ತಿತ್ತು.

"ಒಂದು ನಿಂತ್ರೆ ಎಲ್ಲಾ ನಿಲ್ತ್ರಾ?" ಎಂದು ಹೊನ್ನಮ್ಮ ಕೇಳಿದಳು.

"ನಿಲ್ಲಲೇಬೇಕು ಅಮ್ಮಾ. ಕಾನೂನು ಅಂದ್ರೆ ಕಾನೂನು."

ಹೊನ್ನಮ್ಮ ತಲೆಯಾಡಿಸಿ ಆ ಮಾತನ್ನು ಗಂಟಿನ ಇನ್ನೊಂದು ಮೂಲೆಗೆ ಕಟ್ಟಿಟ್ಟುಕೊಂಡಳು.

ಪೈಗಳು ಮಾತ್ರ ಮೂಗರಳಿಸಿಕೊಂಡು ಅವಳ ಸುತ್ತ ಒಂದು ಸುತ್ತು ಬಂದರು. "ಎಂತ ಅಮ್ಮಾ, ಗಂಟಿನಲ್ಲಿ ಒಣ ಸಿಗಡಿ ಉಂಟಾ? ದೇವಾ! ವಾಸನೆಗೇ ನನಗೆ ಹಸಿವಾಯ್ತು."

"ದಾರಿಗೆ ಒಂಚೂರು ತಿಂಡಿ" ಎಂದಳು ಹೊನ್ನಮ್ಮ.

ತಿಮ್ಮಪ್ಪ ಈಗ ತಿರುಗಿ ನೋಡಿದ. "ಜೋಗ ಕಾಂಬೂಕೆ ಒಣ ಸಿಗಡಿ ಎಂತಕ್ಕೆ ಅವ್ವಿ?"

"ನೀರು ಕಂಡ್ರೆ ಹೊಟ್ಟೆ ತುಂಬ್ತದಾ? ಸುಮ್ನೆ ಗಾಡಿ ಹತ್ತು" ಎಂದು ಅವಳು ಬಾಯಿ ಮುಚ್ಚಿಸಿದಳು.

ಗಂಟಿನಲ್ಲಿ ಒಣ ಸಿಗಡಿಯ ಚಟ್ನಿಯಿತ್ತು. ಅದರ ಜೊತೆ ಸುಕ್ಕಿನುಂಡೆ, ಅತ್ರಾಸ, ಬಾಳೆಲೆಯಲ್ಲಿ ಬೇಯಿಸಿದ ಕಡಬು, ಒಂದು ಹಸಿರು ಸೀರೆ. ಸೀರೆಯ ಮಡಿಕೆಯ ನಡುವೆ ಹಸಿರು ಗಾಜಿನ ಬಳೆ. ಮಗಳು ಸಣ್ಣಮ್ಮ ಬಸುರಿ. ಅವಳನ್ನು ಘಾಟಿಯ ಮೇಲೆ, ಮಾವಿನಗುಂಡಿಯ ಹತ್ತಿರ ಕೊಟ್ಟಿತ್ತು. ಬುಟ್ಟಿ ಮಾರುತ್ತ ಬಂದ ಗಂಗಿ ಸುದ್ದಿ ತಂದಿದ್ದಳು: ಏಳು ತುಂಬುತ್ತಾ ಬಂತು, ಹುಡುಗಿಗೆ ಬೇರೇನೂ ಬೇಡವಂತೆ, ಒಣ ಸಿಗಡಿ ಒಂದು ಸಿಕ್ಕಿದರೆ ಸಾಕಂತೆ. ಏಳರಲ್ಲಿ ತವರಿನಿಂದ ಬಯಕೆಯ ಊಟ ಹೋಗಬೇಕು, ಹಸಿರು ಬಳೆ ಹೋಗಬೇಕು. ತಿಂಗಳು ಕಳೆದರೆ ಹೋಯಿತು. ಆಮೇಲೆ ಎಷ್ಟು ಹೊತ್ತು ತಂದರೂ ಅದು ಬಯಕೆಯಲ್ಲ, ಬರೀ ಊಟ.

ಬಸ್ಸಿನಲ್ಲಿ ಅವಳು ಒಬ್ಬಳೇ ಹೋಗಬಹುದಿತ್ತು. ಹಾಗೆಂದು ಎರಡು ಸಲ ಸೀರೆ ಉಟ್ಟುಕೊಂಡು ಹೊರಟೂ ಇದ್ದಳು. ಆದರೆ ಒಡಹುಟ್ಟಿದ ಅಣ್ಣ ಗಟ್ಟಿಮುಟ್ಟಾಗಿ ಇರುವಾಗ ತಾಯಿ ಒಬ್ಬಳೇ ಗಂಟು ಹೊತ್ತು ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತರೆ ಅವರ ಮನೆಯವರು ಮಗಳನ್ನು ಏನೆಂದು ತಿಳಿದಾರು?

ಅಣ್ಣನದ್ದೇ ತೊಡಕು. ಮದುವೆಯ ದಿನ ಮದುಮಗನನ್ನು ಎತ್ತಿನ ಗಾಡಿಯಲ್ಲಿ ತರುವುದು ಬೇಡ, ತನ್ನ ಮೋಟಾರ್ ಸೈಕಲ್ಲಿನಲ್ಲೇ ತರುತ್ತೇನೆ ಎಂದು ತಿಮ್ಮಪ್ಪ ಹಟ ಹಿಡಿದಿದ್ದ. ಭಟ್ಕಳದ ಬಸ್‌ಸ್ಟ್ಯಾಂಡಿನಿಂದ ಮುಟ್ಟಳ್ಳಿಗೆ ಎಷ್ಟು ಮಹಾ ದೂರ? ಗಾಡಿ ಅರ್ಧ ದಾರಿಗೆ ನಿಂತಿತು. ಬಾಸಿಂಗ ಕಟ್ಟಿದ ಬೊಮ್ಮಯ್ಯ ಗದ್ದೆಯ ಅಂಚಿನ ಮೇಲೆ ಕೆಸರು ತುಳಿದುಕೊಂಡು ಚಪ್ಪರಕ್ಕೆ ಬಂದ. ಊಟದ ಪಂಕ್ತಿಯಲ್ಲಿ ಯಾರೋ ನಕ್ಕರು, ಬೊಮ್ಮಯ್ಯನೂ ನಗುತ್ತ, "ಭಾವನ ಗಾಡಿಗಿಂತ ನಮ್ಮನೆ ಎಮ್ಮೆ ಅಡ್ಡಿಲ್ಲ. ಹೊಡೆದ್ರೆ ಆದ್ರೂ ಮುಂದೆ ಹೋಗ್ತದೆ" ಎಂದುಬಿಟ್ಟ. ತಿಮ್ಮಪ್ಪ ಅರ್ಧ ಉಂಡ ಎಲೆ ಬಿಟ್ಟು ಎದ್ದ. "ನಿನ್ನ ಮನೆ ಅಂಗಳಕ್ಕೆ ನಾ ಕಾಲಿಟ್ರೆ ನಮ್ಮಪ್ಪನ ಮಗನೇ ಅಲ್ಲ" ಎಂದ. ಅಂದಿನಿಂದ ದೀಪಾವಳಿ ಎರಡು ಬಂದುಹೋದವು. ಸಣ್ಣಮ್ಮ ತವರಿಗೆ ಬರಲಿಲ್ಲ. ಇವನು ಕರೆಯಲೂ ಇಲ್ಲ.

ಗೇರುಸೊಪ್ಪೆ ದಾಟಿ ಘಾಟಿ ಹತ್ತತೊಡಗಿದಾಗ ಕಾಡಿನ ತಂಪು ಮುಖಕ್ಕೆ ಬಡಿಯಿತು. ಒಂದೊಂದು ತಿರುವಿನಲ್ಲೂ ಏಳು ಗಾಡಿಗಳ ಸದ್ದು ಗುಡ್ಡಕ್ಕೆ ಬಡಿದು ಹಿಂದೆ ಬರುತ್ತಿತ್ತು. ಅಡ್ಡಲಾಗಿ ಕೂತ ಹೊನ್ನಮ್ಮನಿಗೆ ಸೊಂಟ ಹಿಡಿದುಹೋಗಿತ್ತು. ಅವಳಿಗೆ ಸೊಂಟದ ಚಿಂತೆ ಇರಲಿಲ್ಲ. ರಸ್ತೆಯ ಕುಣಿಗೊಮ್ಮೆ ಗಂಟಿನೊಳಕ್ಕೆ ಬೆರಳು ತೂರಿಸಿ ಬಳೆ ಮುಟ್ಟಿ ನೋಡುವಳು. ಒಡೆದ ಬಳೆ ಬಸುರಿಯ ಕೈಗೆ ತೊಡಿಸುವ ಹಾಗಿಲ್ಲ. ಒಂದು ಕಡೆ ಗಾಡಿ ಎತ್ತಿ ಹಾಕಿದಾಗ ಟಣ್ ಎಂದಿತು. ಅವಳ ಎದೆಯೂ ಹಾಗೇ ಎಂದಿತು. ಮುಟ್ಟಿ ನೋಡಿದರೆ ಒಡೆದಿರಲಿಲ್ಲ.

ಮೇಲೆ ಹತ್ತಿದ ಹಾಗೆ ತಿಮ್ಮಪ್ಪನ ಬೆನ್ನು ಬಿಗಿಯಾಗುತ್ತ ಬಂದದ್ದು ಅವಳಿಗೆ ತಿಳಿಯಿತು. ಘಾಟಿ ಮುಗಿದು ರಸ್ತೆ ಸಪಾಟಾಯಿತು. ಮಾವಿನಗುಂಡಿಯ ಮೊದಲು ಒಂದು ದೊಡ್ಡ ಆಲದ ಮರ, ಅದರ ಪಕ್ಕದಿಂದ ಎಡಕ್ಕೆ ಒಂದು ಗಾಡಿದಾರಿ. ಮದುವೆ ಗೊತ್ತು ಮಾಡಲು ಬಂದಾಗ ಅವಳು ಗುರುತಿಟ್ಟುಕೊಂಡ ಮರ. ಅದು ದೂರದಲ್ಲಿ ಕಂಡದ್ದೇ ತಿಮ್ಮಪ್ಪ ಗಾಡಿಯ ವೇಗ ಹೆಚ್ಚಿಸಿದ.

"ಮಗಾ, ಒಂಚೂರು ನಿಲ್ಸು."

"ಜೋಗ ಇಲ್ಲೇ ಬಂತು ಅವ್ವಿ."

"ನಿಲ್ಸಾ."

ಅವನು ಕೇಳಿಸದವನ ಹಾಗೆ ಕೂತ. ಹೊನ್ನಮ್ಮ ಕಂಕುಳಲ್ಲಿದ್ದ ಕೊಡೆಯನ್ನು ಬಿಟ್ಟಳು. ಅದು ರಸ್ತೆಯ ಮೇಲೆ ಕುಪ್ಪಳಿಸಿ ಬಾಯಿ ಬಿಚ್ಚಿಕೊಂಡು ಗಿರ್ರನೆ ತಿರುಗಿತು. ಹಿಂದೆ ಬರುತ್ತಿದ್ದ ಪೈಗಳು "ಅಯ್ಯೋ ದೇವಾ" ಎಂದು ಹಾರ್ನು ಒತ್ತಿ ಗಾಡಿ ಸೊಟ್ಟ ಮಾಡಿದರು. ಒಂದು ನಿಂತಿತು, ಅದರ ಹಿಂದಿನದು ನಿಂತಿತು. ಮುಂದೆ ಹೋದ ಸಾಹೇಬರೂ ತಿರುಗಿ ಬಂದರು. ತಿಮ್ಮಪ್ಪನೂ ನಿಲ್ಲಿಸಲೇಬೇಕಾಯಿತು.

ಹೊನ್ನಮ್ಮ ಇಳಿದಳು. ಕೊಡೆ ಎತ್ತಿಕೊಂಡು ಮಡಚಿದಳು. ಗಂಟನ್ನು ತಲೆಯ ಮೇಲಿಟ್ಟುಕೊಂಡು, ಗಾಡಿಯ ಕಡೆಗೆ ಬಾರದೆ ಆಲದ ಮರದ ಪಕ್ಕದ ದಾರಿ ಹಿಡಿದಳು.

"ಅರೇ ಅಮ್ಮಾ, ಎಲ್ಲಿಗೆ?" ಸಾಹೇಬರು ಕೂಗಿದರು.

"ಮಗಳ ಮನೆಗೆ. ಬಸುರಿ ಅದು. ಬಯಕೆ ಊಟ ಕೊಡ್ಬೇಕು. ನೀವೆಲ್ಲ ಹೋಯ್ನಿ, ಜೋಗ ಕಂಡ್ಕ ಬನ್ನಿ. ನಂಗೆ ನೀರು ನಮ್ಮ ಬಾವಿಯಲ್ಲೇ ಇದ್ದು."

ಸಾಹೇಬರು ತಿಮ್ಮಪ್ಪನ ಮುಖ ನೋಡಿದರು. ತಿಮ್ಮಪ್ಪ ನೆಲ ನೋಡಿದ. ಅವನ ಆಣೆಯ ಸಂಗತಿ ಕ್ಲಬ್ಬಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಅವನೇ ಎಷ್ಟೋ ಸಲ ಮೀಸೆ ತಿರುವಿಕೊಂಡು ಹೇಳಿದ್ದ.

"ನೀವು ಹೋಗ್ರಿ ಸಾಹೇಬ್ರೆ. ನಾ ಇಲ್ಲೇ ಮರದ ಬುಡಕ್ಕೆ ಕೂರ್ತೆ."

"ಒಬ್ಬರನ್ನು ದಾರಿ ಮೇಲೆ ಬಿಟ್ಟು ಹೋದ್ರೆ ಅದು ಎಂಥ ಕ್ಲಬ್ಬು ಮಾರಾಯ?" ಎಂದು ಸಾಹೇಬರು ತಮ್ಮ ಗಾಡಿಯನ್ನು ಅಡ್ಡದಾರಿಗೆ ತಿರುಗಿಸಿದರು. ಒಂದರ ಹಿಂದೆ ಒಂದರಂತೆ ಉಳಿದವೂ ತಿರುಗಿದವು. ಕೊನೆಗೆ, ಬಹಳ ಹೊತ್ತಿನ ಮೇಲೆ, ತಿಮ್ಮಪ್ಪನ ಗಾಡಿಯ ಸದ್ದೂ ಹಿಂದೆ ಕೇಳಿಸಿತು. ಹೊನ್ನಮ್ಮ ತಿರುಗಿ ನೋಡಲಿಲ್ಲ.

ಬೊಮ್ಮಯ್ಯನ ಮನೆಯಲ್ಲಿ ಭತ್ತ ಒಕ್ಕುತ್ತಿದ್ದರು. ಅಂಗಳವನ್ನೇ ಸಾರಿಸಿ ಕಣ ಮಾಡಿ ನಡುವೆ ಎಮ್ಮೆ ಕಟ್ಟಿ ಸುತ್ತಿಸುವ ಮೇಟಿ ನೆಟ್ಟಿತ್ತು. ಎಮ್ಮೆಗಳನ್ನು ಆಗಷ್ಟೇ ಬಿಚ್ಚಿ ನೀರಿಗೆ ಹೊಡೆದಿದ್ದರು. ಇಷ್ಟೊಂದು ಮೋಟಾರ್ ಸೈಕಲ್ಲು ಒಟ್ಟಿಗೆ ಬೇಲಿಯ ದಣಪೆ ದಾಟಿ ಬಂದದ್ದು ನೋಡಿ ಬೊಮ್ಮಯ್ಯ ಹುಲ್ಲು ಕೊಡಹುವ ಕೋಲನ್ನೇ ಹಿಡಿದು ಮುಂದೆ ಬಂದ. ಭಾವ ದಂಡು ಕಟ್ಟಿಕೊಂಡು ಬಡಿಯಲು ಬಂದ ಎಂದೇ ಅವನು ತಿಳಿದದ್ದು. ಗಂಟು ಹೊತ್ತ ಅತ್ತೆಯನ್ನು ಕಂಡ ಮೇಲೆ ಕೋಲು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಅಡಗಿಸಿದ.

"ಬನ್ನಿ ಅತ್ತೆ. ಇವ್ರೆಲ್ಲ ಯಾರು?"

"ನಮ್ಮ ಕಡೆಯೋರೇ. ಬಯಕೆಗೆ ಬಂದದ್ದು" ಎಂದಳು ಹೊನ್ನಮ್ಮ. ಸಾಹೇಬರು ಟೊಪ್ಪಿ ಸರಿ ಮಾಡಿಕೊಂಡು ಬೀಗರ ಗತ್ತಿನಲ್ಲಿ ಜಗಲಿ ಹತ್ತಿದರು.

ಸಣ್ಣಮ್ಮ ಬಾಗಿಲಿಗೆ ಬಂದು ತಾಯಿಯನ್ನು ಹಿಡಿದುಕೊಂಡು ಅತ್ತಳು. ಅಳುತ್ತಲೇ ಗಂಟು ಮೂಸಿದಳು. ಸೀರೆ ಉಡಿಸಿದ್ದಾಯಿತು. ಜಗಲಿಯ ಮೇಲೆ ಮಣೆ ಹಾಕಿ, ಎಲೆ ಹಾಸಿ, ಹೊನ್ನಮ್ಮ ಒಂದೊಂದನ್ನೇ ಬಡಿಸಿದಳು. ಸಿಗಡಿ ಚಟ್ನಿಯ ವಾಸನೆ ಮನೆಯೆಲ್ಲ ತುಂಬಿತು. ಮಗಳು ಎಲೆಯ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಉಣ್ಣು ಮಗಾ."

"ಅಣ್ಣ ಎಲ್ಲಿ?"

ಅಣ್ಣ ದಣಪೆಯ ಆಚೆ ಗಾಡಿಯ ಮೇಲೆ ಕೂತಿದ್ದ. ಇಂಜಿನ್ನು ಇನ್ನೂ ಗುಡುಗುಡು ಎನ್ನುತ್ತಿತ್ತು.

"ಅವಂದು ಬಿಡು. ನೀ ಉಣ್ಣು."

"ನನ್ನ ಮದುವೆಯಲ್ಲಿ ಅರ್ಧ ಎಲೆ ಬಿಟ್ಟು ಎದ್ದು ಹೋಯ್ದ. ಇವತ್ತೂ ಅಂವ ಉಣ್ದೆ ನಾ ಉಣ್ಣೂದಿಲ್ಲೆ." ಮಾತು ಗಟ್ಟಿಯಾಗಿತ್ತು. ದಣಪೆಯವರೆಗೂ ಕೇಳಿಸುವಷ್ಟು.

ಹೊನ್ನಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಷ್ಟು ದೂರ ಹೊತ್ತು ತಂದದ್ದು ಎಲೆಯ ಮೇಲೆ ಆರುತ್ತಿತ್ತು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು, ಹಟದಲ್ಲಿ ಯಾವುದೂ ಕಮ್ಮಿಯಿಲ್ಲ, ಯಾರನ್ನು ಬೈಯುವುದು? ಜಗಲಿಯ ಮೇಲೆ ಮನೆಯವರು ಕೊಟ್ಟ ಅವಲಕ್ಕಿಗೆ ಕೈ ಹಾಕಿದ್ದ ಪೈಗಳೂ ಕೈ ಹಿಂದೆ ತೆಗೆದರು.

ಆಗ ದಣಪೆಯ ಆಚೆ ಸದ್ದು ಏರಿತು. ತಿಮ್ಮಪ್ಪನ ಗಾಡಿ ಒಳಗೆ ನುಗ್ಗಿತು. ಎರಡೂ ಕಾಲುಗಳನ್ನು ಗಾಡಿಯ ಕಾಲಿಡುವ ಕಬ್ಬಿಣದ ಮೇಲೆ ಗಟ್ಟಿಯಾಗಿ ಊರಿಕೊಂಡು ಅವನು ನೇರ ಕಣಕ್ಕೆ ಬಂದ. ಬಂದದ್ದೇನೋ ಆಯಿತು, ನಿಲ್ಲಿಸುವುದು ಹೇಗೆ? ನಿಲ್ಲಿಸಿದರೆ ಕಾಲು ಕೆಳಗಿಡಬೇಕು, ಇಟ್ಟರೆ ಆಣೆ ಹೋಯಿತು. ಅವನು ಮೇಟಿಯನ್ನು ಬಳಸಿ ಒಂದು ಸುತ್ತು ಹೊಡೆದ. ಮತ್ತೊಂದು ಸುತ್ತು ಹೊಡೆದ. ಕೋಳಿಗಳು ಮಾಡಿಗೆ ಹಾರಿದವು. ಹುಲ್ಲು ಚಕ್ರಕ್ಕೆ ಸಿಕ್ಕಿ ಮೇಲೆದ್ದಿತು. ಅವನ ಮುಖ ಕೆಂಪಾಗಿ ಬೆವೆತಿತ್ತು; ಯಾರನ್ನೂ ನೋಡದೆ ಮೇಟಿಯೊಂದನ್ನೇ ನೋಡುತ್ತ ಅವನು ಸುತ್ತುತ್ತಲೇ ಇದ್ದ.

"ಭತ್ತ ಚೆನ್ನಾಗಿ ಉದುರ್ತಾ ಉಂಟು, ನಿಲ್ಸೂದು ಬ್ಯಾಡ" ಎಂದು ಪೈಗಳು ಮೆಲ್ಲಗೆ ಅಂದರು. ಸಾಹೇಬರು ಅವರ ಕಡೆ ಕಣ್ಣು ಬಿಟ್ಟರು.

ಬೊಮ್ಮಯ್ಯನ ಬಾಯಿಯಲ್ಲೂ ಒಂದು ಮಾತು ಬಂದಿರಬೇಕು. ತುಟಿ ಅಲುಗಿದ್ದನ್ನು ಹೊನ್ನಮ್ಮ ಕಂಡಳು. ಇಲ್ಲೊಂದು ಮಾತು ಜಾರಿತೋ, ಎಲ್ಲ ಮುಗಿಯಿತು. ಅವನು ಜಗಲಿಯ ಮೇಲಿದ್ದ ಹೆಂಡತಿಯ ಕಡೆ ನೋಡಿದ, ತುಂಬಿದ ಎಲೆಯ ಕಡೆ ನೋಡಿದ. ಬೆನ್ನ ಹಿಂದಿದ್ದ ಕೋಲನ್ನು ಹುಲ್ಲಿನ ಮೇಲೆ ಎಸೆದು ಕಣಕ್ಕೆ ಇಳಿದ. ಗಾಡಿ ಸುತ್ತು ಬಂದು ತನ್ನೆದುರಿಗೆ ಆಗುವುದನ್ನೇ ಕಾದು, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದು ಕೈಯಲ್ಲಿ ಹಿಂದಿನ ಸೀಟನ್ನೂ ಹಿಡಿದು ಮಂಡಿ ಕೊಟ್ಟು ನಿಂತ.

"ಬಂದ್ ಮಾಡಿ ಭಾವ. ನಾ ಹಿಡ್ಕಂಡಿದ್ದೆ."

ಇಂಜಿನ್ನು ನಿಂತಿತು.

ಸಣ್ಣಮ್ಮ ಎದ್ದಳು. ಭಾರದ ಮೈಯನ್ನು ನಿಧಾನ ಹೊತ್ತುಕೊಂಡು ಬಂದು ಪೆಟ್ರೋಲ್ ಟಾಂಕಿಯ ಮೇಲೆ ಒಂದು ಬಾಳೆಲೆ ಹಾಸಿದಳು. ಬಿಸಿಗೆ ಎಲೆ ಬಾಡಿ ಟಾಂಕಿಗೆ ಅಂಟಿಕೊಂಡಿತು. ಕಡಬು ಬಡಿಸಿದಳು, ಚಟ್ನಿ ಬಡಿಸಿದಳು. ಕೈ ತೊಳೆಯಲು ತಂಬಿಗೆಯಿಂದ ನೀರು ಹೊಯ್ದಳು. ತಿಮ್ಮಪ್ಪ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅವಳು ಹಿಂತಿರುಗಿ ಮಣೆಯ ಮೇಲೆ ಕೂತು, ಮೊದಲು ಸಿಗಡಿಗೇ ಬೆರಳು ಹಾಕಿದಳು.

ಸಾಹೇಬರು ಅವಲಕ್ಕಿ ಅಗಿಯುವ ಸದ್ದು ಕೇಳುತ್ತಿತ್ತು. ಪೈಗಳು ಎದ್ದು, "ನಾನೂ ಒಂದು ಕೈ ಕೊಡ್ಲಾ?" ಎಂದರು. ಬೊಮ್ಮಯ್ಯ ತಲೆ ಅಲ್ಲಾಡಿಸಿದ. ಅವನ ತೋಳಿನ ನರ ಉಬ್ಬಿದ್ದವು, ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಗಾಡಿ ಒಮ್ಮೆ ಅತ್ತ ವಾಲಿತು. ಬೊಮ್ಮಯ್ಯ ಹಲ್ಲು ಕಚ್ಚಿ ಎತ್ತಿ ನಿಲ್ಲಿಸಿದ. ಒಮ್ಮೆ ಇತ್ತ ವಾಲಿತು.

"ಭಾರ ಆಗ್ತದಾ?" ತಿಮ್ಮಪ್ಪ ಎಲೆಯಿಂದ ಕಣ್ಣೆತ್ತದೆ ಕೇಳಿದ.

"ಅಡ್ಡಿಲ್ಲ, ನೀವು ಉಣ್ಣಿ."

ಹೊನ್ನಮ್ಮ ಗಂಟಿನ ತಳದಿಂದ ಬಳೆ ತೆಗೆದಳು. ಎಲ್ಲವೂ ಇಡಿಯಾಗಿದ್ದವು. ಮಗಳ ಎಡಗೈ ಹಿಡಿದುಕೊಂಡು ಒಂದನ್ನು ಏರಿಸಿದಳು. ಹಾಗೆ ಏರಿಸುತ್ತ ಕಣದ ಕಡೆ ಕಣ್ಣು ಹಾಯಿಸಿದರೆ, ತಿಮ್ಮಪ್ಪನ ಒಂದು ಬೂಟು ಕಬ್ಬಿಣದಿಂದ ಸರಿದು ಸಾರಿಸಿದ ನೆಲಕ್ಕೆ ಬೆರಳಷ್ಟು ಮೇಲೆ ತೂಗುತ್ತಿತ್ತು. ಅವನ ಪಕ್ಕದಲ್ಲೇ ನಿಂತ ಬೊಮ್ಮಯ್ಯ ಕುತ್ತಿಗೆ ತಿರುಗಿಸಿ, ಆಚೆ ಗದ್ದೆಯಲ್ಲಿ ಎಮ್ಮೆ ಎಲ್ಲಿ ಹೋದವೆಂದು ಬಹಳ ಗಮನವಿಟ್ಟು ನೋಡುತ್ತಿದ್ದ.

ಹೊನ್ನಮ್ಮನೂ ತಲೆ ತಗ್ಗಿಸಿದಳು. ಮಗಳ ಕೈ ಸ್ವಲ್ಪ ಬಾತಿತ್ತು. ಎರಡನೆಯ ಬಳೆ ಗೆಣ್ಣಿನ ಹತ್ತಿರ ನಿಂತಿತು. ಅವಳು ಅದನ್ನು ಒತ್ತದೆ, ಬೆರಳುಗಳನ್ನು ನೀವುತ್ತ, ತಾನಾಗಿ ಜಾರಲಿ ಎಂದು ಕಾಯುತ್ತ ಕೂತಳು.