ಹೆಸರು ತೆಗೆದು ಓದು

ಕಮಲಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ‘ಐ’ ಬರಬೇಕಾದಲ್ಲಿ ‘ಮಿ’ ಕಂಡರೆ ಈಗಲೂ ಮೈ ಉರಿಯುತ್ತದೆ. ನಿವೃತ್ತಳಾಗಿ ಕಲಬುರಗಿಯ ಖೂಬಾ ಪ್ಲಾಟ್‌ಗೆ ಬಂದರೂ ಚಾಳಿ ಬಿಟ್ಟಿಲ್ಲ. ಮದುವೆ ಕಾರ್ಡಿನಲ್ಲೂ ತಪ್ಪು ಹುಡುಕಿ ನೆಂಟರಿಗೆ ಬೇಡವಾಗಿದ್ದೇನೆ.

ಹೋದ ತಿಂಗಳು ಹಳೆಯ ವಿದ್ಯಾರ್ಥಿನಿ ಭುವನೇಶ್ವರಿ ಬಂದಳು. ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮುಖ ಬಾಡಿತ್ತು. ಹಿಂದಿನ ದಿನ ಅವಳ ವಾರ್ಡಿನಲ್ಲಿ ದುಂಡಮ್ಮ ಎಂಬ ಮುದುಕಿ ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಚಾದರ ಬದಲಿಸಲು ಇಳಿಸಿದ್ದ, ಮಂಚದ ಅಂಚಿನ ತಡೆಕಂಬಿಯನ್ನು ಮತ್ತೆ ಏರಿಸಿರಲಿಲ್ಲ. ಡ್ಯೂಟಿಯಲ್ಲಿದ್ದವರು ಇವಳು ಮತ್ತು ಇವಳ ಗೆಳತಿ ಕೌಸರ್. ಆಡಳಿತದವರು ಇಂಗ್ಲಿಷಿನಲ್ಲಿ ವಿವರಣೆ ಬರೆದುಕೊಡಲು ಹೇಳಿದ್ದರು.

“ನೌಕರಿ ಹೋಗ್ತದೇನೋ ಟೀಚರ್. ಇಂಗ್ಲಿಷ್ ಅಷ್ಟು ತಿದ್ದಿ ಕೊಡ್ರಿ.”

ಮೊದಲ ಸಾಲೇ ‘ಮಿ ಆ್ಯಂಡ್ ಕೌಸರ್ ಫರ್ಗಾಟ್’.

“ಅಯ್ಯ, ನಾ ಕಲಿಸಿದ್ದು ಇದೇನು? ಐ ಬರಬೇಕೋ ಮಿ ಬರಬೇಕೋ ತಿಳೀದಿದ್ರ ಏನ್ ಮಾಡು ಅಂದಿದ್ದೆ?”

“ಇನ್ನೊಬ್ಬರ ಹೆಸರು ತೆಗೆದು ಓದು ಅಂದಿದ್ರಿ.”

“ಮತ್ತ ತೆಗೀ. ಓದು.”

ಕೌಸರ್ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಅವಳು ಓದಿದಳು: “ಐ ಫರ್ಗಾಟ್.” ಬೆರಳು ಎತ್ತಲೇ ಇಲ್ಲ. ಆಮೇಲೆ ನನ್ನ ಕೆಂಪು ಪೆನ್ನು ತೆಗೆದುಕೊಂಡು ಆ ಹೆಸರನ್ನು ಹೊಡೆದುಹಾಕಿದಳು.

“ಹಿಂಗೇ ಇರಲಿ ಬಿಡ್ರಿ ಟೀಚರ್.”

ಯಾಕೆಂದು ಕೇಳಬೇಕಿತ್ತು ನಾನು. ಕೇಳಲಿಲ್ಲ. ವಾಕ್ಯ ಸರಿಯಾಯಿತೆಂಬ ಸಮಾಧಾನ, ತನ್ನ ತಪ್ಪು ತಾನೇ ಒಪ್ಪಿಕೊಂಡಳೆಂಬ ಹೆಮ್ಮೆ ಬೇರೆ. ಚಹಾ ಕುಡಿಸಿ ಕಳಿಸಿದೆ.

ವಾರದ ನಂತರ ಕೌಸರ್ ಮನೆ ಹುಡುಕಿಕೊಂಡು ಬಂದಳು. ಕೂರು ಎಂದರೂ ಕೂರಲಿಲ್ಲ.

“ಭುವನಾಗ ಕೆಲಸದಿಂದ ತೆಗೆದಾರ್ರೀ. ಊರಿಗಿ ಹೋಗ್ಯಾಳ. ನಿಮ್ಮ ಮನ್ಯಾಗ ಕೂತೇ ನನ್ನ ಹೆಸರು ಹೊಡೆದಾಳಂತ?”

“ತಪ್ಪು ಆಕಿದೇ ಅಲ್ಲೇನವ್ವ?”

“ಆಕಿ ಚಾದರ ಹಾಕಾಕತ್ತಾಗ ಬಾಜೂ ಪೇಷಂಟ್ ಒದರಿದ್ರು. ‘ನಾ ನೋಡ್ತೀನಿ, ನೀ ಹೋಗು’ ಅಂದಾಕಿ ನಾನು. ಅಷ್ಟರಾಗ ಅಮ್ಮೀದು ಫೋನ್ ಬಂತು, ಹೊರಗ ಹೋದೆ. ಆಕಿ ಕಂಬಿ ಮರೆತಾಳ, ನಾ ಮುದುಕಿನ್ನೇ ಮರೆತೀನಿ. ನಮ್ಮ ಮನ್ಯಾಗ ನಂದೊಂದೇ ಪಗಾರ ಅಂತ ಆಕಿಗಿ ಗೊತ್ತು, ಅದಕ್ಕ ಹೊಡೆದಾಳ. ನನಗ ಯಾರೂ ಕೇಳಲಿಲ್ಲ. ನಾನೂ ಸುಮ್ಮನಿದ್ದೆ.”

ಹುಡುಗಿ ಮೊದಲು ಬರೆದು ತಂದದ್ದೇ ನಿಜವಾಗಿತ್ತು. ನಾನು ಒಂದು ಪದ ತಿದ್ದಲು ಹೋಗಿ, ಅವಳನ್ನು ಒಬ್ಬಳೇ ನಿಲ್ಲಿಸಿ ಕಳಿಸಿದ್ದೆ. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಕೌಸರ್ ಚೀಲದಿಂದ ಒಂದು ಕಾಗದ ತೆಗೆದಳು. ಆಸ್ಪತ್ರೆಯವರಿಗೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟಿದ್ದಳು. “ನಾ ಒಬ್ಬಾಕಿ ಹೋದ್ರ ಆಕಿ ಸಹಿ ಮಾಡಂಗಿಲ್ರೀ. ನೀವು ಬರ್ರಿ.”

ಮರುದಿನ ಬೆಳಿಗ್ಗೆ ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಭುವನೇಶ್ವರಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕಾಗದ ಓದಿ ಗೆಳತಿಯ ಮೇಲೆ ರೇಗಿದಳು.

“ಹುಚ್ಚಿ, ನಿನ್ನ ನೌಕರಿನೂ ಹೋಗ್ತದ.”

“ಹೋದ್ರ ಹೋಗಲಿ. ಸಹಿ ಮಾಡು.”

ಭುವನೇಶ್ವರಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. “ಟೀಚರ್, ಇದರ ಇಂಗ್ಲಿಷ್ ಸರಿ ಅದೇನ್ರೀ?”

ದಾರಿಯುದ್ದಕ್ಕೂ ಆ ಕಾಗದ ನನ್ನ ಕೈಯಲ್ಲೇ ಇತ್ತು. ಎರಡು ಸಲ ಓದಿದ್ದೆ. ಇಂಗ್ಲಿಷ್ ಮಾತ್ರ ನೋಡಿರಲಿಲ್ಲ.

“ಇಬ್ಬರ ಹೆಸರೂ ಅದಾವ,” ಎಂದೆ. “ಸಹಿ ಮಾಡವ್ವ.”